ಬುರ್ಗೋಸ್ ಪಕ್ಕದ ಒಲೆಗಳು

ಇವತ್ತು ಬೆಳಿಗ್ಗೆ ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಗ್ಯಾಸಿನ ಉರಿಯ ಮೇಲಿಟ್ಟು ಸುಡುತ್ತಿದ್ದೆ. ಸಿಪ್ಪೆ ಕರ್ರಗಾಗುವ ಹೊತ್ತಿಗೆ ಸ್ಮೋಕ್ ಅಲಾರಂ ಕೂಗಿಕೊಂಡಿತು. ಮಗಳು ಮಹಡಿಯಿಂದಲೇ "ಅಮ್ಮಾ, ನಾಟ್ ಅಗೇನ್" ಎಂದಳು. ಕಿಟಕಿ ತೆರೆದು ಟವೆಲ್ ಬೀಸಿದೆನಾದರೂ ಆ ವಾಸನೆಯನ್ನು ಪೂರ್ತಿ ಹೊರಗೆ ಕಳಿಸಲು ಮನಸ್ಸು ಬರಲಿಲ್ಲ. ಬದನೆಕಾಯಿ ಸುಡುವುದನ್ನು ನನಗೆ ಕಲಿಸಿದವಳು ಅವ್ವ. ಇದನ್ನು ಕಲಿಸಿದವರು ಪಕ್ಕದ ಮನೆಯ ಪಿಲಾರಕ್ಕ.

ಅವರ ಹೆಸರು ಬರೀ ಪಿಲಾರ್. ಅಕ್ಕ ಎನ್ನುವುದು ನಮ್ಮ ಮನೆಯಲ್ಲಿ ಸೇರಿಕೊಂಡದ್ದು. ನಾವು ದೇಶ ಬಿಟ್ಟು ಈ ಎಜುಕೇಶನ್ ಹಿಲ್ ಬಡಾವಣೆಗೆ ಬಂದ ವಾರವೇ ಅವರು ಸುಟ್ಟ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹಾಕಿದ ಬಾಟಲಿ ತಂದುಕೊಟ್ಟರು. ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ, ನಾನು ಅದೇ ಬಾಟಲಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟೆ. ಯಾವ ಊರು ಎಂದು ಪರಸ್ಪರ ಕೇಳಿಕೊಂಡೆವು. ಅವರು ಸ್ಪೇನಿನ ಬುರ್ಗೋಸ್ ಎಂದರು, ನಾನು ಹುಬ್ಬಳ್ಳಿ ಎಂದೆ. ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿರದಿದ್ದರೂ ಇಬ್ಬರಿಗೂ ಸಮಾಧಾನವಾಯಿತು. ಹೀಗೆ ಬಹಳ ದಿನ ಇಬ್ಬರೂ ಆ ದೊಡ್ಡ ಊರುಗಳವರಾಗಿಯೇ ಉಳಿದಿದ್ದೆವು.

ಗುಟ್ಟು ಒಡೆದದ್ದು ನಮ್ಮ ಮನೆಯವರಿಂದ. ಒಂದು ಸಂಜೆ ಪಿಲಾರಕ್ಕನ ಮುಂದೆ ನಾನು "ನಮ್ಮ ಹುಬ್ಬಳ್ಳಿಯಲ್ಲಿ" ಎಂದು ಏನೋ ದೊಡ್ಡಸ್ತಿಕೆ ಹೇಳುತ್ತಿದ್ದೆ. ಇವರು ಚಹಾ ಹೀರುತ್ತಾ, "ಹುಬ್ಬಳ್ಳಿ ಬಸ್ ಹತ್ತಬೇಕಾದ್ರ ತಾಸಗಟ್ಲೆ ಹಳ್ಳದ ದಂಡ್ಯಾಗ ನಿಂದರ್ತಿದ್ದಿ, ಹುಬ್ಬಳ್ಯಾಕಿ ಅಂತ ಹುಬ್ಬಳ್ಯಾಕಿ" ಎಂದರು. ಅಷ್ಟಕ್ಕೇ ಬಿಡದೆ ಇಂಗ್ಲಿಷಿನಲ್ಲೂ ಹೇಳಿದರು. ನನ್ನ ಮುಖ ಸಣ್ಣದಾಯಿತು. ಪಿಲಾರಕ್ಕ ಮಾತ್ರ ಕಪ್ಪು ಕೆಳಗಿಟ್ಟು, ತಮ್ಮದೂ ಬುರ್ಗೋಸ್ ಅಲ್ಲ, ಅದರ ಪಕ್ಕದ ವಿಯಾಮೊರ ಎಂಬ ಹಳ್ಳಿ ಎಂದು ಒಪ್ಪಿಕೊಂಡರು. ಆಮೇಲೆ ಬಹಳ ಸಹಜವಾಗಿ ಕೇಳಿದರು: "ನಿಮ್ಮದು ಎಷ್ಟು ಒಲೆಗಳ ಊರು?"

ಅವರ ಕಡೆ ಹಿಂದಿನವರು ತಲೆ ಎಣಿಸುತ್ತಿರಲಿಲ್ಲವಂತೆ, ಒಲೆ ಎಣಿಸುತ್ತಿದ್ದರಂತೆ. ಹೊಗೆ ಏಳುವ ಮನೆಯೇ ಮನೆ. ಹುಟ್ಟಿ ಬೆಳೆದ ಊರಿನ ಒಲೆಗಳ ಲೆಕ್ಕ ನನಗೆ ತಿಳಿದಿರಲಿಲ್ಲ.

ಅವರಿಗೆ ತಿಳಿದಿತ್ತು. ವಿಯಾಮೊರದ ಚರಿತ್ರೆಯನ್ನು ಅವರು ಮೆಣಸಿನಕಾಯಿ ಸುಲಿಯುತ್ತಾ ನನಗೆ ಹೇಳಿದರು. ಬುರ್ಗೋಸಿನ ಉಣ್ಣೆ ವ್ಯಾಪಾರಿಗಳ ಕಾಲದಲ್ಲಿ ಕುರಿಮಂದೆಗಳು ಅವರ ಓಣಿಯಲ್ಲೇ ಹಾದು ಹೋಗುತ್ತಿದ್ದವಂತೆ. ಉಣ್ಣೆ ಹೋಯಿತು, ಗೋಧಿ ಉಳಿಯಿತು. ಟ್ರ್ಯಾಕ್ಟರ್ ಬಂದ ಮೇಲೆ ಗೋಧಿಗೂ ಅಷ್ಟು ಕೈಗಳು ಬೇಡವಾದವು. ಗಂಡಸರು ಬಿಲ್ಬಾವೊದ ಕಾರ್ಖಾನೆಗಳಿಗೆ ಹೋದರು, ಹೆಂಗಸರು ಹಿಂದೆಯೇ ಹೋದರು, ಶಾಲೆ ಮುಚ್ಚಿತು. ಬುರ್ಗೋಸ್ ಬೆಳೆಯಿತಾದರೂ ಗುಡ್ಡದ ಆ ಮಗ್ಗುಲಿಗೆ ಬೆಳೆಯಿತು. ಚರ್ಚಿನ ಗಂಟೆಗೋಪುರದ ಮೇಲೆ ಕೊಕ್ಕರೆಗಳು ಮಾತ್ರ ವಸಂತಕ್ಕೆ ತಪ್ಪದೆ ಬಂದು ಸಂಸಾರ ಹೂಡುತ್ತಿದ್ದವು. ನನ್ನೂರಿನ ಪಾಡು ತಿರುಗುಮುರುಗು. ಹುಬ್ಬಳ್ಳಿ ನಮ್ಮ ಕಡೆಗೇ ಬೆಳೆದು, ಹೊಲಗಳಲ್ಲಿ ಲೇಔಟ್ ಎದ್ದು, ಈಗ ಊರು ಎಲ್ಲಿ ಮುಗಿಯಿತು ಎಂದು ಬಸ್ಸಿನ ಕಂಡಕ್ಟರನಿಗೂ ಗೊತ್ತಾಗುವುದಿಲ್ಲ. ಅವರದು ಜನ ಹೋಗಿ ಸಣ್ಣದಾಗುತ್ತಿದ್ದರೆ ನಮ್ಮದು ಜನ ಬಂದು ಕಳೆದುಹೋಗಿತ್ತು.

ಒಂದು ಬೇಸಿಗೆಯ ಕೊನೆಯಲ್ಲಿ ಪಿಲಾರಕ್ಕ ಮುಖ ಬಾಡಿಸಿಕೊಂಡು ಬಂದರು. ಊರಿನಲ್ಲಿದ್ದ ಅವರ ಅಣ್ಣ ಹುಲಿಯಾನ್ ಫೋನು ಮಾಡಿದ್ದರಂತೆ. ವಿಯಾಮೊರದಲ್ಲಿ ಅಂಗಡಿಯಿಲ್ಲ, ಬ್ರೆಡ್ಡಿನ ವ್ಯಾನು ಗುಡ್ಡ ಹತ್ತಿ ಬಂದು ಹಾರನ್ ಹೊಡೆಯುತ್ತದೆ. ಚಳಿಗಾಲದಲ್ಲಿ ಇನ್ನೊಂದು ಮನೆಯಾದರೂ ಬ್ರೆಡ್ಡು ಕೊಳ್ಳದಿದ್ದರೆ ತನಗೆ ಪೂರೈಸುವುದಿಲ್ಲ ಎಂದು ವ್ಯಾನಿನವನು ಹೇಳಿಬಿಟ್ಟಿದ್ದ. ಪಿಲಾರಕ್ಕನ ಪಾಲಿನ ಮನೆ ಬೀಗ ಹಾಕಿ ಬಿದ್ದಿತ್ತು. ಹೋಗಿ ಒಲೆ ಹೊತ್ತಿಸಬೇಕು ಎನ್ನುವುದು ಅವರ ಯೋಚನೆ. ಇಲ್ಲೇ ಸೌತ್ ಲೇಕ್ ಯೂನಿಯನ್‌ನಲ್ಲಿದ್ದ ಅವರ ಮಗಳು ಆಗ ಬಸುರಿ. ಬ್ರೆಡ್ಡಿಗೋಸ್ಕರ ನನ್ನನ್ನು ಬಿಟ್ಟು ಹೋಗುತ್ತೀಯಾ ಎಂದು ಆಕೆ ಅತ್ತಿದ್ದಳಂತೆ.

ಸಂಸಾರಸ್ಥೆಯ ಬುದ್ಧಿ ನನ್ನದು. ಬುರ್ಗೋಸಿನಿಂದ ವಾರಕ್ಕಾಗುವಷ್ಟು ಬ್ರೆಡ್ಡು ತಂದು ಫ್ರೀಜರಿನಲ್ಲಿಟ್ಟರಾಯಿತಲ್ಲ ಎಂದೆ. ನಾನೂ ತಿಂಗಳ ಚಪಾತಿ ಹಾಗೇ ಇಡುತ್ತಿದ್ದೆ.

"ಬ್ರೆಡ್ಡು ಇಡಬಹುದು," ಎಂದರು ಪಿಲಾರಕ್ಕ. "ಆದರೆ ಹಾರನ್ ಕೇಳಿದಾಗ ಎಲ್ಲರೂ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಯಾರು ಬರಲಿಲ್ಲವೋ ಅವರ ಮನೆಗೆ ಹೋಗಿ ನೋಡುತ್ತೇವೆ. ಚಳಿಗಾಲದಲ್ಲಿ ನಮ್ಮಲ್ಲಿ ಬೇರೆ ಲೆಕ್ಕವಿಲ್ಲ."

ಮೊಮ್ಮಗ ಹುಟ್ಟುವವರೆಗೆ ಕಾದು, ಬಾಣಂತನ ಮುಗಿಸಿ, ಚಳಿ ಬಲಿತ ಮೇಲೆ ಹೊರಟರು. ಅಲ್ಲಿಯವರೆಗೆ ಆ ಇನ್ನೊಂದು ಮನೆಯ ಬ್ರೆಡ್ಡನ್ನೂ ಹುಲಿಯಾನರೇ ಕೊಂಡು ಕೋಳಿಗಳಿಗೆ ಹಾಕುತ್ತಿದ್ದರಂತೆ. ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಅವರ ಮಗಳು ಕೂಸನ್ನು ಎತ್ತಿಕೊಂಡು ಕೂತಿದ್ದಳು. ಇಳಿಯುವಾಗ ತಾಯಿಯ ಕೋಟಿನ ಗುಂಡಿ ಹಾಕಿ, ವಸಂತಕ್ಕೆ ಬಂದುಬಿಡು ಎಂದಳು. ಪಿಲಾರಕ್ಕ ಹೂಂ ಎಂದರು. ವಸಂತದಲ್ಲಿ ಬಂದರು ಕೂಡ. ಅಲ್ಲಿಂದ ಅದೇ ರೂಢಿಯಾಯಿತು, ಕೊಕ್ಕರೆಗಳ ಹಾಗೆ, ಆದರೆ ಅವು ಊರು ಬಿಡುವ ಕಾಲಕ್ಕೆ ಇವರು ಅಲ್ಲಿಗೆ ಹೋಗುತ್ತಿದ್ದರು, ಅವು ಬರುವ ಕಾಲಕ್ಕೆ ಇವರು ಅಲ್ಲಿಂದ ಹೊರಡುತ್ತಿದ್ದರು ಎಂದು ನಮ್ಮ ಮನೆಯವರು ನಗುತ್ತಿದ್ದರು. ಈ ವರ್ಷ ಮಾತ್ರ ಅವರು ಬರಲಿಲ್ಲ. ಹುಲಿಯಾನರಿಗೆ ಮಂಡಿ ನೋವು, ಹಾರನ್ ಕೇಳಿದರೂ ಬಾಗಿಲವರೆಗೆ ಬರಲು ತಡವಾಗುತ್ತದೆ. ಅವರ ಮಗಳೇ ಮಗನನ್ನು ಕರೆದುಕೊಂಡು ಹೋಗಿ ಬಂದಳು. ಇಲ್ಲಿಯ ಮನೆ ಬಾಡಿಗೆಗೆ ಹೋಯಿತು.

ಇವತ್ತಿನ ಹೊಗೆ ಕಂಡು ಬಾಗಿಲು ತಟ್ಟಿದ್ದು ಆ ಮನೆಗೆ ಹೊಸದಾಗಿ ಬಂದ ಹುಡುಗಿ. ಏನಾದರೂ ಹೊತ್ತಿಕೊಂಡಿತೋ ಎಂದು ಗಾಬರಿಯಾಗಿದ್ದಳು. ಒಳಗೆ ಕರೆದು ಕೂರಿಸಿ, ಸುಲಿಯಲು ಅವಳಿಗೂ ಒಂದು ಮೆಣಸಿನಕಾಯಿ ಕೊಟ್ಟೆ. ಕನ್ನಡದವರು ಎಂದು ತಿಳಿದ ಮೇಲೆ ಕೇಳಿದಳು: "ನಿಮ್ದು ಯಾವೂರು ಆಂಟಿ?"

ಹುಬ್ಬಳ್ಳಿ ಎಂದು ನಾಲಗೆಯ ತುದಿಗೆ ಬಂದಿತ್ತು. ನಾನು ನನ್ನ ಹಳ್ಳಿಯ ಹೆಸರು ಹೇಳಿದೆ. ಅವಳು ಕೇಳಿರಲಿಲ್ಲ, ಕೇಳಿರುವ ಕಾರಣವೂ ಇರಲಿಲ್ಲ. ನಿಂದು ಎಂದು ನಾನು ಕೇಳಿದಾಗ ಮೈಸೂರು ಎಂದಳು.

"ಮೈಸೂರಂದ್ರ ಮೈಸೂರನ?"

ಅವಳು ನಕ್ಕುಬಿಟ್ಟಳು. "ಇಲ್ಲ ಆಂಟಿ, ಪಕ್ಕದಲ್ಲೊಂದು ಹಳ್ಳಿ."

"ಎಷ್ಟು ಒಲಿ ಊರವ್ವಾ ಅದು?" ಎಂದು ಕೇಳಿದೆ.

ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಯಿತು. ಆಮೇಲೆ ಅವಳು ಮಸಿ ಹತ್ತಿದ ಬೆರಳುಗಳನ್ನು ಮಡಚುತ್ತಾ, ಬಸ್ ಸ್ಟ್ಯಾಂಡ್ ಪಕ್ಕದ ಮೊದಲ ಮನೆಯಿಂದ ಎಣಿಸಲು ಶುರುಮಾಡಿದಳು.