ಸೋಮವಾರ ಸಿಕ್ಕಿದ ಸೋಮಿ

ನಾಪೋಕ್ಲು ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ತುಳಸಿಗೆ ಊರಿನ ಅರ್ಧ ಹೆಂಗಸರ ಅಳತೆ ಬಾಯಿಪಾಠ. ಯಾರ ತೋಳು ದಪ್ಪವಾಯಿತು, ಯಾರು ಈಚೆಗೆ ಸೊರಗಿದರು ಎಂಬುದು ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಅವಳ ಬಗ್ಗೆ ಊರಿಗೆ ಗೊತ್ತಿರುವುದು ಕಡಿಮೆ. ವಯಸ್ಸು ಐವತ್ತಾರು, ಮದುವೆಯಾಗಿಲ್ಲ, ತಾಯಿಯೊಬ್ಬರಿದ್ದರು, ಅವರೂ ಹೋದ ವರ್ಷ ತೀರಿಕೊಂಡರು. ಅಷ್ಟೆ.

ಇಪ್ಪತ್ತನಾಲ್ಕರಲ್ಲಿ ಅವಳಿಗೊಂದು ಸಂಬಂಧ ಕೂಡಿ ಬಂದಿತ್ತು. ಮಾತುಕತೆಯೆಲ್ಲ ಮುಗಿದು ಏಳುವ ಹೊತ್ತಿಗೆ ಹುಡುಗನ ಸೋದರಮಾವ ಕೇಳಿದ: "ಹುಡುಗಿ ಅಜ್ಜಿ ಯಾವ ಮನೆಯವ್ರು?" ಕೊಡಗಿನಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು ಮನೆ ಹೆಸರನ್ನೇ. ತುಳಸಿಯ ತಾಯಿ ತಲೆ ತಗ್ಗಿಸಿದರು. ಅಜ್ಜಿ ಸೋಮಿ ಮಾತ್ರ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಹೇಳಿದಳು: "ನಂಗೆ ಮನೆ ಹೆಸ್ರಿಲ್ಲ. ವಾರದ ಹೆಸ್ರು ಮಾತ್ರ ಇರೋದು. ಸೋಮವಾರ ಸಿಕ್ಕಿದ್ದೆ, ಸೋಮಿ ಅಂತ ಕರೆದ್ರು." ಬಂದವರು ಕಾಫಿ ಕುಡಿದು ಹೋದರು. ಮತ್ತೆ ಬರಲಿಲ್ಲ.

ಸೋಮಿ ಸಿಕ್ಕಿದ್ದು ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಮಾಕುಟ್ಟದ ಕಾಡಿನ ಗೇಟಿನಲ್ಲಿ. ಬೆಳಿಗ್ಗೆ ಗೇಟು ತೆಗೆಯಲು ಹೋದ ಗಾರ್ಡ್ ಅಪ್ಪಯ್ಯನಿಗೆ ಕಂಬದ ಬುಡದಲ್ಲಿ, ಗೋಣಿಚೀಲದ ಮೇಲೆ ಮಲಗಿದ್ದ ಕೂಸು ಕಂಡಿತು. ಅವನಿಗೂ ಹೆಂಡತಿ ರಾಮಮ್ಮನಿಗೂ ಮಕ್ಕಳಿರಲಿಲ್ಲ. ಎತ್ತಿಕೊಂಡು ಹೋಗಿ ಸಾಕಿದರು. ಆ ಅಪ್ಪನೆಂದರೆ ಸೋಮಿಗೆ ಪ್ರಾಣ. ಅವನ ಹೆಗಲ ಮೇಲೆ ಕೂತು ಕಾಡು ಸುತ್ತಿದ್ದನ್ನು ಮುದುಕಿಯಾದ ಮೇಲೂ ಹೇಳಿಕೊಂಡು ನಗುತ್ತಿದ್ದಳು. ಹೆತ್ತವಳ ಸುದ್ದಿ ತೆಗೆದರೆ ಮಾತ್ರ ಮುಖ ಗಂಟಿಕ್ಕುತ್ತಿತ್ತು. "ಬಿಸಾಕಿ ಹೋದವ್ಳ ಮಾತು ನನ್ನ ಹತ್ರ ಬೇಡ" ಎನ್ನುತ್ತಿದ್ದಳು. ಸಾಯುವ ತನಕ ಅದೇ ಮಾತು.

ತಾಯಿ ಹೋದ ಮೇಲೆ ತುಳಸಿಯ ಮನೆಯಲ್ಲಿ ಸದ್ದೇ ಇಲ್ಲದಂತಾಯಿತು. ಅಂಗಡಿಯಿಂದ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ತನ್ನ ಮುಂದೆ ಯಾರೂ ಇಲ್ಲ. ಹಿಂದೆಯಾದರೂ ಯಾರಿದ್ದರು ಎಂದು ತಿಳಿಯಬೇಕೆನಿಸಿತು. ಮಡಿಕೇರಿಯ ಹಳೆಯ ದಾಖಲೆಗಳ ಕೊಠಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಉತ್ತಯ್ಯನವರ ಮನೆಯ ಬಟ್ಟೆಯೆಲ್ಲ ಅವಳೇ ಹೊಲಿಯುತ್ತಿದ್ದದ್ದು. ಅವರನ್ನು ಕೇಳಿದಳು.

"ಆಗಿನ ಕಾಲದಲ್ಲಿ ಗೇಟ್ ಅಂದ್ರೆ ಡೈರಿ ಬರೀಲೇಬೇಕು ತುಳಸಿ" ಎಂದರು ಉತ್ತಯ್ಯ. "ಗಾಡಿ ಹೋದ್ರೂ ಬರೀಬೇಕು, ಆನೆ ಬಂದ್ರೂ ಬರೀಬೇಕು. ಮಗು ಸಿಕ್ಕಿದ್ದು ಬರೀದೆ ಇರ್ತಾರಾ?"

ಅಲ್ಲಿಂದ ಐದು ತಿಂಗಳು, ಪ್ರತಿ ಮಂಗಳವಾರ ಅಂಗಡಿ ಮುಚ್ಚಿ, ಇಬ್ಬರೂ ಬಸ್ಸಿನಲ್ಲಿ ಮಡಿಕೇರಿಗೆ ಹೋದರು. ಕಟ್ಟು ಬಿಚ್ಚಿದರೆ ಧೂಳು, ಹುಳ ತಿಂದ ಅಂಚು, ಮಸುಕಾದ ಶಾಯಿ. ಇಂಗ್ಲಿಷ್ ಕಾಗದ ಉತ್ತಯ್ಯ ಓದುತ್ತಿದ್ದರು, ಕನ್ನಡದ್ದು ತುಳಸಿ. ಹೋದ ಎಷ್ಟೋ ಸಲ ಸಿಕ್ಕಿದ್ದು ಮರದ ಲೆಕ್ಕ, ಬಿದಿರಿನ ಲೆಕ್ಕ.

ಆಗಸ್ಟಿನಲ್ಲಿ ಡೈರಿ ಸಿಕ್ಕಿತು. "ಸೋಮವಾರ. ಗೇಟಿನ ಬಳಿ ಹೆಣ್ಣು ಶಿಶು, ಸುಮಾರು ಆರು ತಿಂಗಳದ್ದು. ವಾರಸುದಾರರಿಲ್ಲ." ಕೆಳಗೆ ಅಪ್ಪಯ್ಯನ ದುಂಡಗಿನ ರುಜು. ತುಳಸಿ ಅಷ್ಟಕ್ಕೇ ಸಾಕೆಂದು ಎದ್ದಿದ್ದಳು. ಉತ್ತಯ್ಯ ಅದೇ ಕಟ್ಟಿನಲ್ಲಿ ಇನ್ನೊಂದು ಹಾಳೆ ತೆಗೆದು ಅವಳ ಮುಂದೆ ನೂಕಿದರು. "ಇದು ಕನ್ನಡ. ನೀವೇ ಓದಿ."

ಅದೊಂದು ಅರ್ಜಿ. ಮಗು ಸಿಕ್ಕಿ ಒಂದೂವರೆ ತಿಂಗಳ ಮೇಲೆ ಬರೆಸಿದ್ದು. ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ನಿಂಗಮ್ಮ ಎಂಬ ಹೆಸರು. ಗಂಡ ಸತ್ತವಳು, ಪಿರಿಯಾಪಟ್ಟಣದ ಕಡೆಯವಳು, ಕೂಲಿಗೆಂದು ಘಟ್ಟ ಇಳಿಯುವಾಗ ದಾರಿಯಲ್ಲಿ ಮೈಮೇಲೆ ಸಿಡುಬು ಎದ್ದಿತು. ಜೊತೆಯವರು ಬಿಟ್ಟು ಹೋದರು. "ಕೂಸಿಗೆ ತಗುಲಬಾರದೆಂದು ಗೇಟಿನಲ್ಲಿ ಮಲಗಿಸಿ, ಬೆಳಕು ಹರಿಯುವವರೆಗೆ ಮರದ ಮರೆಯಲ್ಲಿ ಕಾದಿದ್ದು, ಗಾರ್ಡಿನವರು ಎತ್ತಿಕೊಂಡದ್ದನ್ನು ಕಂಡು ಹೊರಟೆನು. ದೇವರ ದಯದಿಂದ ಬದುಕಿರುತ್ತೇನೆ. ಎದೆಯ ಹಾಲು ಇನ್ನೂ ಬತ್ತಿಲ್ಲ. ನನ್ನ ಕೂಸನ್ನು ಕೊಡಿಸಬೇಕಾಗಿ ಬೇಡುತ್ತೇನೆ."

ಅರ್ಜಿಯ ಹಿಂಬದಿಯಲ್ಲಿ, ಗಾರ್ಡ್ ಅಪ್ಪಯ್ಯ ವರದಿ ಕೊಡತಕ್ಕದ್ದು ಎಂದು ಮೇಲಿನವರ ಅಪ್ಪಣೆ. ಅದರ ಕೆಳಗೆ ಅದೇ ದುಂಡಗಿನ ಅಕ್ಷರ: "ಸದರಿ ಶಿಶುವನ್ನು ಗಾಡಿಯವರು ಯಾರೋ ಸಾಕಲು ಒಯ್ದರು. ಎಲ್ಲಿಯವರೆಂದು ತಿಳಿಯದು." ಮತ್ತೊಬ್ಬರ ಕೈಬರಹದಲ್ಲಿ ಕೊನೆಯ ಸಾಲು: "ಅರ್ಜಿದಾರಳು ಮೂರು ಸಲ ಬಂದು ಹೋಗಿರುತ್ತಾಳೆ." ಮುಂದಿನ ತಿಂಗಳೇ ಅಪ್ಪಯ್ಯ ತಾನಾಗಿ ಕೇಳಿಕೊಂಡು ದೂರದ ಕುಟ್ಟಕ್ಕೆ ವರ್ಗ ಮಾಡಿಸಿಕೊಂಡಿದ್ದ. ಆ ಕಾಗದವೂ ಅಲ್ಲೇ ಇತ್ತು.

ಉತ್ತಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ಸುಳ್ಳು ಬರೆದ್ನಲ್ಲ ಮಾರಾಯ್ತಿ. ಮಗು ಅವನ ಮನೇಲೇ ಇತ್ತು."

"ಕೊಡೋಕೆ ಆಗ್ಲಿಲ್ಲ ಸಾರ್ ಅವ್ರಿಗೆ" ಎಂದಳು ತುಳಸಿ. ಹಾಳೆ ತಿರುಗಿಸಿ ಮತ್ತೆ ಮೊದಲಿನಿಂದ ಓದಿದಳು. ಅರ್ಜಿಯಲ್ಲಿ ನಿಂಗಮ್ಮನ ಊರಿನ ಹೆಸರಿದ್ದ ಜಾಗವನ್ನು ಹುಳ ತಿಂದಿತ್ತು. ಕೊನೆಯ "ಹಳ್ಳಿ" ಎಂಬುದಷ್ಟೇ ಉಳಿದಿತ್ತು. ಪಿರಿಯಾಪಟ್ಟಣದ ಕಡೆ ಅಂಥ ಊರುಗಳು ಎಷ್ಟಿಲ್ಲ! ಹುಡುಕಾಟ ಅಲ್ಲಿಗೆ ನಿಂತಿತು.

ಬಸ್ಸಿನಲ್ಲಿ ಬರುತ್ತಾ ಅವಳಿಗೆ ತಡೆಯಲಾರದಷ್ಟು ಆಸೆಯಾದದ್ದು ಒಂದೇ. ಅಜ್ಜಿಗೆ ಹೇಳಬೇಕು. ಬಿಸಾಕಿದ್ದಲ್ಲ ಅಜ್ಜಿ, ಮೂರು ಸಲ ಬಂದಿದ್ಲಂತೆ. ಅಜ್ಜಿ ಸತ್ತು ಇಪ್ಪತ್ತೆರಡು ವರ್ಷ. ಅಮ್ಮನಿಗಾದರೂ ಹೇಳಬಹುದಿತ್ತು. ಒಂದು ವರ್ಷ ತಡವಾಯಿತು. ಮಾರನೆಯ ದಿನ ರವಿಕೆ ಒಯ್ಯಲು ಬಂದ ಟೀಚರ್ ಶೋಭಿತಾಗೆ ಹೇಳಲು ಬಾಯಿ ತೆರೆದಳು. "ಬೇಗ ಅಕ್ಕ, ಬಸ್ಸಿಗೆ ಹೊತ್ತಾಯ್ತು" ಎಂದಳು ಶೋಭಿತಾ. ತುಳಸಿ ರವಿಕೆ ಮಡಿಸಿ ಕೊಟ್ಟಳು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಅಪ್ಪಯ್ಯನಿಗೆ ಎಲೆ ಹಾಕಲೋ ಬೇಡವೋ ಎಂದು ತುಳಸಿ ಎಲೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಕೊನೆಗೆ ಹಾಕಿದಳು. ಅವನಿಂದ ದೂರದಲ್ಲಿ, ಬಾಗಿಲ ಹತ್ತಿರ, ಇನ್ನೊಂದು ಎಲೆ ಹಾಕಿದಳು. ನಿಂಗಮ್ಮ ಏನು ಉಣ್ಣುತ್ತಿದ್ದಳೋ ಯಾರಿಗೆ ಗೊತ್ತು? ಪಿರಿಯಾಪಟ್ಟಣದ ಕಡೆಯವಳಲ್ಲವೇ ಎಂದು ರಾಗಿಹಿಟ್ಟು ತಂದು ಮುದ್ದೆ ತೊಳಸಿದಳು. ಜನ್ಮದಲ್ಲಿ ಮಾಡಿದ್ದಿಲ್ಲ, ತುಂಬ ಗಂಟುಗಂಟಾಯಿತು.

"ಚೆನ್ನಾಗಿ ಬಂದಿಲ್ಲಮ್ಮ" ಎಂದಳು ಎಲೆಯ ಮುಂದೆ ಕೂತು. ಹಾಗೇ ನಿಧಾನವಾಗಿ ಒಂದೊಂದಾಗಿ ಹೇಳತೊಡಗಿದಳು. ನಿನ್ನ ಮಗಳು ಎಪ್ಪತ್ತೆರಡು ವರ್ಷ ಬದುಕಿದ್ಲು. ಮೈಗೆ ಯಾವತ್ತೂ ಸಿಡುಬು ಬರಲಿಲ್ಲ. ದೊಡ್ಡದಾಗಿ ನಗೋಳು. ಹೇಳಿ ಮುಗಿಯುವಾಗ ಅನ್ನ, ಸಾರು ಎಲ್ಲ ಆರಿತ್ತು. ಕಾಗೆಗೆ ಒಂದು ತುತ್ತು ಹೊರಗಿಟ್ಟು ಬಂದಳು. ಉಣ್ಣಲು ಬೇರೆ ಯಾರೂ ಇರಲಿಲ್ಲವಾದ್ದರಿಂದ, ಬಾಗಿಲ ಹತ್ತಿರದ ಎಲೆಯ ಮುಂದೆಯೇ ಕೂತು, ಆ ತಣ್ಣಗಿನ ಮುದ್ದೆಯನ್ನು ಗಂಟು ಬಿಡಿಸಿಕೊಂಡು ಅವಳೊಬ್ಬಳೇ ಉಂಡಳು.