ಸುಬ್ಹಿಯ ಜೊತೆ ಟಿಕೆಟ್ ತೆಗೆದ ಸೂರ್ಯ

ಕೈರೋದ ಶುಬ್ರಾದಲ್ಲಿ ಬೇಯಿಸಿದ ಫೂಲ್ ಕಾಳು ಮಾರುವ ಸುಬ್ಹಿಗೆ ತನ್ನ ಹಂಡೆಗಿಂತ ತನ್ನ ರೋಜಾ ಉಪವಾಸದ ಮೇಲೆ ಹೆಮ್ಮೆ. ಹುಡುಗನಾಗಿದ್ದಾಗಿನಿಂದ ರಂಜಾನಿನ ಒಂದು ಉಪವಾಸವನ್ನೂ ಬಿಟ್ಟವನಲ್ಲ; ಬಿಟ್ಟವರನ್ನು ಸುಮ್ಮನೆ ಬಿಟ್ಟವನೂ ಅಲ್ಲ! ಕ್ಷೌರಿಕ ಬಯೂಮಿ ಒಂದು ರಂಜಾನಿನಲ್ಲಿ ತಂಟಾ ಊರಿಗೆ ಹೋಗುವ ಬಸ್ಸಿನಲ್ಲಿ, ಪ್ರಯಾಣಿಕರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆಂದು ಒಂದು ಲೋಟ ನೀರು ಕುಡಿದಿದ್ದ. ಅಷ್ಟಕ್ಕೇ ಸುಬ್ಹಿ ಕಾಫಿ ಅಂಗಡಿಯಲ್ಲಿ ಅವನ ಮಾನ ಹರಾಜು ಹಾಕಿದ.

"ತಂಟಾಕ್ಕೆ ಹೋಗೋದೂ ಒಂದು ಪ್ರಯಾಣವೇನೋ? ನಮ್ಮಜ್ಜಿ ಕೋಳಿ ಹುಡುಕ್ಕೊಂಡು ಅದಕ್ಕಿಂತ ದೂರ ಹೋಗ್ತಿದ್ಲು!"

ಅದೇ ರಂಜಾನಿನಲ್ಲಿ ಕಾಸಾಬ್ಲಾಂಕಾದಲ್ಲಿರುವ ಮಗಳು ಗಂಡು ಹೆತ್ತಳು. ಸುಬ್ಹಿ ಹೆಂಡತಿಗೂ ತನಗೂ ಸಂಜೆ ನಾಲ್ಕರ ವಿಮಾನಕ್ಕೆ ಟಿಕೆಟ್ ತೆಗೆಸಿ, ಕಾಫಿ ಅಂಗಡಿಯಲ್ಲಿ ಲೆಕ್ಕ ಹೇಳಿದ.

"ಐದು ಗಂಟೆ ಹಾರಾಟ. ಇಲ್ಲಿ ಹೊತ್ತು ಮುಳುಗೋ ಹೊತ್ತಿಗೆ ಆಕಾಶದಲ್ಲೇ ಇಫ್ತಾರ್. ಅಲ್ಲಿಯ ಗಡಿಯಾರ ಹಿಂದೆ ತಾನೆ? ಇಳಿದು ಮಗಳ ಮನೇಲಿ ಇನ್ನೊಂದು!"

"ಪ್ರಯಾಣದಲ್ಲೂ ಉಪವಾಸ ತಡೀತೀಯಾ ಗುರುವೇ?" ಎಂದ ಬಯೂಮಿ.

"ತಡೀದಿದ್ರೆ ಈ ಮೀಸೆ ನಿನ್ನ ಕತ್ತರಿಗೆ!"

ಕೈರೋದಲ್ಲಿ ಉಪವಾಸ ಬಿಡಲು ತೋಪು ಹಾರುವ ಹೊತ್ತಾಯಿತು. ವಿಮಾನದಲ್ಲಿದ್ದ ಸುಬ್ಹಿ ಗಡಿಯಾರ ನೋಡಿ ಖರ್ಜೂರದ ಪೊಟ್ಟಣ ಬಿಚ್ಚಿದ. ಹೆಂಡತಿ ಹಿಕ್ಮತ್ ಕಿಟಕಿ ತೋರಿಸಿದಳು. ಸೂರ್ಯ ಮೋಡದ ಮೇಲೆ ಆರಾಮಾಗಿ ಕೂತಿದ್ದ. ವಿಮಾನದಲ್ಲಿರುವವರು ಉಪವಾಸ ಬಿಡಲು ತಮ್ಮ ಕಣ್ಣೆದುರಿನ ಸೂರ್ಯ ಮುಳುಗುವವರೆಗೂ ಕಾಯಬೇಕು. ವಿಮಾನವೋ ಪಡುವಣಕ್ಕೇ ಅವನನ್ನು ಅಟ್ಟಿಸಿಕೊಂಡು ಹೊರಟಿತ್ತು.

ಒಂದು ಗಂಟೆಯಾಯಿತು, ಎರಡಾಯಿತು. ಸೂರ್ಯ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ಇವನೂ ಕಾಸಾಬ್ಲಾಂಕಾಕ್ಕೆ ಟಿಕೆಟ್ ತಗೊಂಡಿದಾನೇನೇ?" ಎಂದು ಸುಬ್ಹಿ ಕಿಟಕಿಯ ಪರದೆ ಎಳೆದ. "ಕಾಣದಿದ್ರೆ ಮುಳುಗಿದ ಹಾಗೇ."

"ದೇವರಿಗೇ ಟೋಪಿ ಹಾಕ್ತೀರಾ ಹಾಜಿ?" ಹಿಕ್ಮತ್ ಪರದೆ ಮೇಲೆತ್ತಿದಳು. ಅವಳು ಪ್ರಯಾಣದ ವಿನಾಯಿತಿ ಪಡೆದು ನಿಲ್ದಾಣದಲ್ಲೇ ಗಡದ್ದಾಗಿ ಉಂಡಿದ್ದಳು.

ಸುಬ್ಹಿಯ ಕೈಯಿಂದ ಖರ್ಜೂರ ಜಾರಿತು, ಕಣ್ಣು ಕತ್ತಲಿಟ್ಟಿತು. ಹಿಕ್ಮತ್‌ಗೆ ನಗು ನಿಂತು ಹೆದರಿಕೆಯಾಯಿತು.

"ಮೊಮ್ಮಗನ್ನ ಎತ್ಕೊಳ್ಳೋ ಕೈ ಇದು. ದೇವರು ತಿನ್ನು ಅಂದಿರುವಾಗ ಬೇಡ ಅನ್ನೋಕೆ ನೀವ್ಯಾರು?" ಎಂದು ಬೈಯುತ್ತ ಖರ್ಜೂರವನ್ನು ಅವನ ಬಾಯಿಗೆ ತುರುಕಿದಳು. ಅವನು ಕಣ್ಣು ಮುಚ್ಚಿ ನುಂಗಿದ.

ಮರುಕ್ಷಣವೇ ಪೈಲಟ್‌ನ ದನಿ ಬಂತು: ಸೂರ್ಯ ಮುಳುಗಿದ್ದಾನೆ, ಉಪವಾಸ ಬಿಡಬಹುದು.

"ಅಯ್ಯೋ ನನ್ನ ಕರ್ಮವೇ!" ಎಂದು ಸುಬ್ಹಿ ಹಣೆ ಚಚ್ಚಿಕೊಂಡ.

ಯಾರಿಗೂ ಹೇಳುವುದಿಲ್ಲವೆಂದು ಹಿಕ್ಮತ್ ಆಣೆ ಇಟ್ಟಳು. ಆದರೂ ಊರಿಗೆ ಬಂದ ಮರುದಿನವೇ ಸುಬ್ಹಿ ತಾನಾಗಿ ಬಯೂಮಿಯ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಮೀಸೆಯನ್ನು ಕೊನೆಯ ಸಲ ನೋಡಿಕೊಂಡ.

"ತೆಗೆಯೋ."

ಬಯೂಮಿ ಕತೆಯನ್ನೆಲ್ಲ ಕೇಳಿದ. ಕತ್ತರಿ ಎತ್ತಿದವನು ಮತ್ತೆ ಕೆಳಗಿಟ್ಟ.

"ದೇವರೇ ಮಾಫಿ ಕೊಟ್ಟಿದ್ದಕ್ಕೆ ನಾನ್ಯಾಕೆ ಕತ್ತರಿ ಹಾಕ್ಲಿ ಗುರುವೇ? ಒಂದು ಮಾತು ಹೇಳು, ಸಾಕು. ತಂಟಾಕ್ಕೆ ಹೋಗೋದು ಪ್ರಯಾಣವೋ, ಅಲ್ಲವೋ?"

ಸುಬ್ಹಿ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ.

"ಪ್ರಯಾಣ ಕಣೋ ಮಹಾರಾಯಾ! ಕಾಸಾಬ್ಲಾಂಕಾಕ್ಕಿಂತ ದೂರ!"