ಎದೆಯಿಂದ ಒಂದು ಗೇಣು ದೂರ

ಬೆಳಗ್ಗೆ ಎದ್ದವನೇ, ಬಾಯಿಗೆ ತೊಟ್ಟು ನೀರು ಬೀಳುವ ಮೊದಲು, ರಿಪೇರಿಯಣ್ಣ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದ. ಹೃದಯ ಸೋತವರ ಮೈಯಲ್ಲಿ ನೀರು ಸೇರಿಕೊಂಡರೆ ತೂಕವೇ ಮೊದಲು ಚಾಡಿ ಹೇಳುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

"ಏನಂತೆ ಇವತ್ತು?" ಒಳಗಿನಿಂದ ಹೆಂಡತಿ ಕೂಗಿ ಕೇಳುವಳು.

"ನಿನ್ನ ಅಡುಗೆ ಮೇಲೆ ದೂರೇನಿಲ್ವಂತೆ."

ಸ್ಪೀಕರ್ ರಿಪೇರಿ ಅವನ ಕಸುಬು; ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ಹರಿದ ಕಾಗದದ ಕೋನುಗಳು, ಗೋಂದಿನ ಡಬ್ಬಿಗಳು, ತಾಮ್ರದ ತಂತಿ. ಅವನ ಕಿವಿ ಮಂದವಾಗಿ ವರ್ಷಗಳಾಗಿದ್ದವು. ಹೊಸ ಕೋನ್ ಅಂಟಿಸಿದ ಮೇಲೆ ಸ್ಪೀಕರನ್ನು ಮಗುವಿನಂತೆ ಅವುಚಿ, ಅದರ ಬೆನ್ನಿನ ದಪ್ಪ ಮ್ಯಾಗ್ನೆಟ್ಟನ್ನು ಎದೆಗೆ ಒತ್ತಿ, ಕೋನನ್ನು ಬೆರಳಿಂದ ಮೆಲ್ಲಗೆ ಅದುಮುವನು. ಒಳಗೆ ತಂತಿ ಸುರುಳಿ ಕೂದಲೆಳೆಯಷ್ಟು ಉಜ್ಜಿದರೂ ಎದೆಗೂಡಿಗೆ ಗೊತ್ತಾಗುತ್ತಿತ್ತು. ದೇವರು ಕಿವಿಯಿಂದ ಕಿತ್ತುಕೊಂಡದ್ದನ್ನು ಎದೆಗೆ ಕೊಟ್ಟಿದ್ದಾನೆ ಎಂದು ಹೆಂಡತಿ ಕೈ ಮುಗಿಯುತ್ತಿದ್ದಳು.

ಈಗ ಡಾಕ್ಟರಮ್ಮ ಆ ಎದೆಗೇ ಯಂತ್ರ ಕೂರಿಸೋಣ ಎಂದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಎಡ ಭುಜದ ಕೆಳಗೆ, ಚರ್ಮದಡಿ.

"ಇದರಿಂದ ಏದುಸಿರು ಹೋಗುತ್ತಾ?"

"ಇಲ್ಲ. ಇದು ಕಾವಲುಗಾರ ಅಷ್ಟೆ. ಹೃದಯ ಇದ್ದಕ್ಕಿದ್ದಂತೆ ತಾಳ ತಪ್ಪಿ ಓಡಿದರೆ ಒಂದು ಶಾಕ್ ಕೊಟ್ಟು ದಾರಿಗೆ ತರುತ್ತೆ. ಇಲ್ಲದಿದ್ದರೆ ಆ ಗಳಿಗೆಯಲ್ಲಿ ಜೀವಕ್ಕೇ ಅಪಾಯ."

"ಶಾಕ್ ಅಂದ್ರೆ ಹೇಗಿರುತ್ತೆ?"

"ಕುದುರೆ ಒದ್ದ ಹಾಗೆ ಅಂದವರಿದ್ದಾರೆ."

"ಕುದುರೆ ಒದ್ದದ್ದು ಹೇಗಿರುತ್ತೆ ಅಂತ ಅವರಿಗೆ ಯಾರು ಹೇಳಿದ್ರಂತೆ?"

ಡಾಕ್ಟರಮ್ಮ ನಕ್ಕರು. ಅವನ ಕಸುಬು ಕೇಳಿದ ಮೇಲೆ ನಗು ನಿಂತಿತು. ಮ್ಯಾಗ್ನೆಟ್ ಹತ್ತಿರ ಬಂದರೆ ಕಾವಲುಗಾರ ಕಣ್ಣು ಮುಚ್ಚಿಕೊಳ್ಳುತ್ತಾನೆ, ಯಾವಾಗಲೂ ಒಂದು ಗೇಣು ದೂರವಿರಬೇಕು ಎಂದರು. "ಯೋಚನೆ ಮಾಡಿ ಬನ್ನಿ. ಬೇಡ ಅನ್ನೋ ಹಕ್ಕೂ ನಿಮಗಿದೆ."

ಯಂತ್ರ ಹಾಕಿಸಿಕೊಂಡರೆ ಕಸುಬು ಹೋಗುತ್ತದೆ, ಬಿಟ್ಟರೆ ಜೀವವೇ ಹೋದೀತು. ಅಳಬೇಕಾದ ಹೊತ್ತಿನಲ್ಲಿ ಅವನಿಗೆ ಹತ್ತಿದ್ದು ಕುತೂಹಲ. ಎದೆ ಬಿಟ್ಟು ಮೈಯಲ್ಲಿ ಇನ್ನೆಲ್ಲೆಲ್ಲಿ ಕೇಳಿಸುತ್ತದೆ? ಸ್ಪೀಕರನ್ನು ಮೊಣಕಾಲಿಗೆ ಒತ್ತಿದ. ಕಲ್ಲಿಗೆ ಕಥೆ ಹೇಳಿದ ಹಾಗಾಯಿತು. ಹಣೆಗೆ ತಂದ, ಕನ್ನಡಕ ಹಾರಿ ಮ್ಯಾಗ್ನೆಟ್ಟಿಗೆ ಕಚ್ಚಿಕೊಂಡಿತು.

"ಕನ್ನಡಕಕ್ಕೂ ಕಿವಿ ಕೇಳಿಸಬೇಕೇನ್ರೀ?" ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಳು.

ಅವಳ ಕೈಯಲ್ಲಿದ್ದ ಮರದ ಸೌಟನ್ನೇ ಅವನು ನೋಡುತ್ತ ನಿಂತ. ಕಿತ್ತುಕೊಂಡು, ಸ್ಪೀಕರನ್ನು ಮೇಜಿನ ಆಚೆ ತುದಿಗಿಟ್ಟು, ಸೌಟಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಸ್ಪೀಕರಿನ ಚೌಕಟ್ಟಿಗೆ ತಾಗಿಸಿದ. ಕೋಲಿನಿಂದ ಕೋನನ್ನು ಅದುಮಿದ. ದವಡೆಯೊಳಗೆ ಸುರುಳಿ ಸರ್‍ರೆಂದು ಉಜ್ಜಿತು! ಎದೆಗಿಂತ ಚೆನ್ನಾಗಿಯೇ.

"ಕೇಳ್ತಾ ಇದೆ ಕಣೇ!"

"ಕೇಳಲಿ. ನನಗೆ ಬೇರೆ ಸೌಟು ತಂದುಕೊಡಿ," ಎಂದಳು. "ಹಾಗಾದ್ರೆ ಹಾಕಿಸ್ಕೊಳ್ತೀರಾ?"

"ಹೂಂ. ಆ ಕುದುರೆ ಹೇಗೆ ಒದೆಯುತ್ತೋ ನೋಡೇ ಬಿಡೋಣ."

ಸೌಟಿನ ಉದ್ದ ಒಂದು ಗೇಣಿಗಿಂತ ಹೆಚ್ಚೇ ಇದೆ ಎಂದು ಅಳತೆ ಹೇಳಿದಾಗ ಡಾಕ್ಟರಮ್ಮನೂ ಒಪ್ಪಿದರು.

ಸುದ್ದಿ ತಿಳಿದು ಭಾಮೈದ ಓಡಿ ಬಂದ. ಇವನ ಕೈಕೆಳಗೇ ಕೆಲಸ ಕಲಿತು ಬೇರೆ ಅಂಗಡಿ ಇಟ್ಟವನು. ಬಾಗಿಲಲ್ಲಿದ್ದ ದೊಡ್ಡ ಸ್ಪೀಕರನ್ನು ಆಗಲೇ ಎತ್ತಿಕೊಂಡಿದ್ದ.

"ಸೌಟು ಕಚ್ಚೋ ಕರ್ಮ ಯಾಕೆ ಭಾವ? ಮ್ಯಾಗ್ನೆಟ್ ಕೆಲಸ ಎಲ್ಲಾ ನನಗೆ ಕಳಿಸಿ, ಮಾಡಿ ತಂದುಕೊಡ್ತೀನಿ. ಬೋರ್ಡೂ ನಿಮ್ಮದೇ, ಗಿರಾಕಿಯೂ ನಿಮ್ಮವರೇ. ನೀವು ಸುಮ್ನೆ ಕೂತು ಬಂದವರನ್ನ ಮಾತಾಡಿಸಿದ್ರೆ ಸಾಕು."

ರಿಪೇರಿಯಣ್ಣ ಅವನ ಬೆನ್ನು ತಟ್ಟಿದ.

"ನಿನ್ನ ಮನಸ್ಸು ದೊಡ್ಡದು ಕಣೋ. ಆದ್ರೆ ಬೇಡ. ಗಾಯ ಮಾಯೋವರೆಗೆ ಬಾಗಿಲು ಹಾಕಿರ್ತೀನಿ, ಆಮೇಲೆ ನಾನೇ ಮಾಡ್ತೀನಿ. ಸುಮ್ನೆ ಕೂರೋದಾಗಿದ್ರೆ ಕಾವಲುಗಾರ ಯಾಕೆ ಬೇಕಿತ್ತು? ಇಳಿಸು ಅದನ್ನ."